ಸಿಪಿಯು ಆನ್ ಆಗದಿದ್ದರೆ: ಅಂಗಡಿಗೆ ಹೊರುವ ಮೊದಲು ಮನೆಯಲ್ಲೇ ನೋಡಬೇಕಾದ್ದು

“ಕಂಪ್ಯೂಟರ್ ಆನ್ ಆಗುವುದಿಲ್ಲ” ಎನ್ನುವ ಒಂದೇ ಮಾತಿನೊಳಗೆ ಕಡಿಮೆಯೆಂದರೂ ಐದು ಬೇರೆ ಬೇರೆ ಕಾಯಿಲೆಗಳು ಉಂಟು. ಬಟನ್ ಒತ್ತಿದರೆ ಏನೂ ಆಗದಿರುವುದು ಒಂದು. ಫ್ಯಾನ್ ತಿರುಗಿ ಮಾನಿಟರ್ ಕಪ್ಪಗೇ ಉಳಿಯುವುದು ಇನ್ನೊಂದು. ಆನ್ ಆಗಿ ಎರಡು ಸೆಕೆಂಡಿಗೆ ಆಫ್ ಆಗುವುದು, ಕಂಪನಿಯ ಲೋಗೋ ಬಂದು ಅಲ್ಲೇ ಕೂರುವುದು, ವಿಂಡೋಸ್‌ನ ಚುಕ್ಕಿಗಳು ಸುತ್ತುತ್ತಲೇ ಇರುವುದು, ಇವೆಲ್ಲ ಬೇರೆಯೇ. ಎಲ್ಲಿಯವರೆಗೆ ಬಂದು ನಿಂತಿತು ಎಂದು ಸರಿಯಾಗಿ ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ನೋಡದೆ ಕೈಹಾಕಿದರೆ ಚೆನ್ನಾಗಿದ್ದ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ತಕ್ಕಂತೆ ಇಳಿಸಿಕೊಡುವ ಡಬ್ಬ) ಬದಲಾಗುತ್ತದೆ, ಕಿಲುಬು ಹಿಡಿದ ರ‍್ಯಾಮ್ (ಮೆಮೊರಿ ಪಟ್ಟಿ) ಅಲ್ಲೇ ಉಳಿಯುತ್ತದೆ.

ಮಂಗಳೂರು, ಉಡುಪಿಯ ಮನೆಗಳಿಗೆ ಇನ್ನೊಂದು ಮಾತು ಸೇರಿಸಬೇಕು. ಘಟ್ಟದ ಮೇಲೆ ಕಂಪ್ಯೂಟರಿಗೆ ದೂಳು ಶತ್ರು. ಇಲ್ಲಿ ತೇವ, ಉಪ್ಪುಗಾಳಿ, ಸಿಡಿಲು. ಹಾಗಾಗಿ ಇಲ್ಲಿ ಭಾಗಗಳಿಗಿಂತ ಮೊದಲು ಕೆಡುವುದು ಅವುಗಳ ಸಂಪರ್ಕ: ರ‍್ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳು, ಸ್ವಿಚ್ಚಿನೊಳಗಿನ ತಗಡು, ಎಕ್ಸ್‌ಟೆನ್ಶನ್ ಬಾಕ್ಸ್‌ನ ಹಿತ್ತಾಳೆ. ಮಲ್ಪೆ, ಉಳ್ಳಾಲ, ಸುರತ್ಕಲ್ ಕಡೆ ಕಡಲಿಗೆ ಮುಖ ಮಾಡಿದ ಮನೆಗಳಲ್ಲಿ ಕ್ಯಾಬಿನೆಟ್‌ನ ಸ್ಕ್ರೂಗಳು ಬೇಗನೆ ತುಕ್ಕು ಹಿಡಿಯುತ್ತವೆ. ಹೊರಗಿನ ಸ್ಕ್ರೂ ಹಾಗಿದ್ದರೆ ಒಳಗಿನ ಪಿನ್ನುಗಳ ಮೇಲೂ ಒಂದು ಕಣ್ಣಿರಲಿ. ಹೊಸ ಭಾಗ ತರುವ ಮೊದಲು ಹಳೆಯದರ ಸಂಪರ್ಕ ಸರಿ ಉಂಟೋ ಎಂದು ನೋಡುವುದೇ ಇಲ್ಲಿಯ ಮೊದಲ ನಿಯಮ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಮಕ್ಕಳ ಕಂಪಾಸ್ ಬಾಕ್ಸ್‌ನ ಬಿಳಿ ರಬ್ಬರ್, ಒಂದು ಇಂಚಿನ ಹೊಸ ಪೇಂಟ್ ಬ್ರಷ್, ಸಣ್ಣ ಬಾಟಲಿ ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಸಿಆರ್2032 ಸೆಲ್ (ನಾಣ್ಯದಂಥ ಚಪ್ಪಟೆ ಬ್ಯಾಟರಿ), ಟಾರ್ಚು. ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಊಹೆ ಮಾಡುವ ಕಷ್ಟ ತಪ್ಪುತ್ತದೆ. ಯಾವ ವಯರನ್ನು ಕೀಳುವ ಮೊದಲೂ ಮೊಬೈಲಿನಲ್ಲಿ ಎರಡು ಫೋಟೋ ತೆಗೆದಿಟ್ಟುಕೊಳ್ಳಿ, ಒಂದು ದೂರದಿಂದ, ಒಂದು ಹತ್ತಿರದಿಂದ.

ಒಳಗೆ ಕೈಹಾಕುವಾಗ ಪ್ಲಗ್ ಗೋಡೆಯಿಂದ ಹೊರಗಿರಬೇಕು. ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ ಕಿತ್ತ ಮೇಲೆ ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿ ಹಿಡಿಯಿರಿ, ಮದರ್‌ಬೋರ್ಡಿನಲ್ಲಿ (ಭಾಗಗಳೆಲ್ಲ ಕೂರುವ ದೊಡ್ಡ ಹಲಗೆ) ಉಳಿದ ಕರೆಂಟ್ ಖಾಲಿಯಾಗುತ್ತದೆ. ಆಮೇಲೆ ಕ್ಯಾಬಿನೆಟ್‌ನ ಬಣ್ಣವಿಲ್ಲದ ಕಬ್ಬಿಣದ ಜಾಗವನ್ನೊಮ್ಮೆ ಮುಟ್ಟಿ. ಎಸ್‌ಎಂಪಿಎಸ್‌ನ ಡಬ್ಬವನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ದೊಡ್ಡ ಕೆಪಾಸಿಟರಿನಲ್ಲಿ (ಕರೆಂಟ್ ಕೂಡಿಡುವ ಭಾಗ) 300 ವೋಲ್ಟಿಗೂ ಹೆಚ್ಚು ಕೂತಿರಬಹುದು.

ಜೀವವೇ ಇಲ್ಲದಿದ್ದರೆ

ಫ್ಯಾನಿಲ್ಲ, ಲೈಟಿಲ್ಲ, ಶಬ್ದವಿಲ್ಲ. ಮೊದಲು ಗೋಡೆಯ ಪಾಯಿಂಟ್. ಎಲ್ಲರೂ ಮಾಡುವುದು ಅಲ್ಲಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡುವುದು. ಚಾರ್ಜ್ ಆಯಿತೆಂದರೆ ಕರೆಂಟ್ ಸರಿ ಉಂಟು ಎಂದು ಬಿಡುತ್ತಾರೆ. ಇದು ಅರ್ಧ ಪರೀಕ್ಷೆ ಮಾತ್ರ. ಚಾರ್ಜರ್ 100 ವೋಲ್ಟಿನಿಂದ 240ರವರೆಗೆ ಎಲ್ಲದಕ್ಕೂ ಒಗ್ಗುತ್ತದೆ, ಎಳೆಯುವ ಕರೆಂಟೂ ಅತ್ಯಲ್ಪ. ವೋಲ್ಟೇಜ್ 160ಕ್ಕೆ ಇಳಿದಿದ್ದರೂ, ಎಕ್ಸ್‌ಟೆನ್ಶನ್ ಬಾಕ್ಸ್‌ನ ಸ್ವಿಚ್ಚಿನೊಳಗೆ ಸುಟ್ಟು ಕಪ್ಪಾಗಿದ್ದರೂ ಚಾರ್ಜರಿಗೆ ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಮಲ್ಟಿಮೀಟರನ್ನು ಎಸಿ 600 ಅಥವಾ 750ರಲ್ಲಿ ಇಟ್ಟು ಅಳೆಯಿರಿ. 207ರಿಂದ 253 ವೋಲ್ಟಿನ ನಡುವೆ ಇರಬೇಕು. ಮೀಟರ್ ಇಲ್ಲದಿದ್ದರೆ ಅದೇ ಪಾಯಿಂಟಿಗೆ ಮಿಕ್ಸಿ ಹಾಕಿ ಸ್ವರ ಕೇಳಿ. ವೋಲ್ಟೇಜ್ ಕಡಿಮೆಯಿದ್ದರೆ ಮಿಕ್ಸಿ ನರಳುತ್ತದೆ.

ನಂತರ ನಡುವಿನ ಎಲ್ಲವನ್ನೂ ತೆಗೆಯಿರಿ. ಯುಪಿಎಸ್ ಬೇಡ, ಸ್ಪೈಕ್ ಗಾರ್ಡ್ ಬೇಡ, ಸಿಪಿಯು ನೇರ ಗೋಡೆಗೆ. ಆನ್ ಆಯಿತಾದರೆ ಕಂಪ್ಯೂಟರಿನಲ್ಲಿ ದೋಷವೇ ಇಲ್ಲ. ಮನೆಯ ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ. ಎರಡು-ಮೂರು ವರ್ಷಕ್ಕೆ ಅದರ ಆಯುಷ್ಯ ಮುಗಿಯುತ್ತದೆ. ರಾತ್ರಿಯಿಡೀ ಚಾರ್ಜ್ ಮಾಡಿ, ಯುಪಿಎಸ್‌ನಿಂದ ಬಿಚ್ಚಿ ಒಂದೆರಡು ಗಂಟೆ ಬಿಟ್ಟು ಅಳೆದರೂ 12 ವೋಲ್ಟ್ ತೋರಿಸದಿದ್ದರೆ ಬ್ಯಾಟರಿ ಹೋಗಿದೆ. ಬ್ಯಾಟರಿ ಸತ್ತ ಎಷ್ಟೋ ಯುಪಿಎಸ್‌ಗಳು ಕರೆಂಟ್ ಇದ್ದರೂ ಆನ್ ಆಗಲು ಒಪ್ಪುವುದಿಲ್ಲ.

ಸಿಪಿಯು ಹಿಂದಿನ ದಪ್ಪ ಪವರ್ ಕಾರ್ಡನ್ನು ಬದಲಿಸಿ ನೋಡುವುದು ಒಂದು ನಿಮಿಷದ ಕೆಲಸ. ಹಲವು ಮಾನಿಟರ್‌ಗಳಿಗೂ ಅದೇ ಬಗೆಯ ಕಾರ್ಡ್ ಇರುತ್ತದೆ, ಅದನ್ನೇ ತೆಗೆದು ಹಾಕಿ. ಎಸ್‌ಎಂಪಿಎಸ್ ಹಿಂದಿನ ಪುಟ್ಟ ಸ್ವಿಚ್ ‘ಒಂದು’ ಗೆರೆಯ ಕಡೆಗಿರಬೇಕು, ಸೊನ್ನೆಯ ಕಡೆಗಲ್ಲ. ನೆಲ ಒರೆಸುವಾಗ ಕೋಲು ತಾಗಿ ಅದು ಆಫ್ ಆಗಿರುವುದುಂಟು. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115/230 ಎಂದು ಬರೆದ ಕೆಂಪು ಜಾರುಗುಂಡಿಯೂ ಇರುತ್ತದೆ. ಅದು 230ರಲ್ಲೇ ಇರಲಿ. 115ಕ್ಕೆ ಸರಿಸಿ ಆನ್ ಮಾಡಿದರೆ ಢಂ ಎಂದು ಒಡೆಯುತ್ತದೆ, ಆಮೇಲೆ ಪರೀಕ್ಷೆ ಮಾಡಲು ಏನೂ ಉಳಿದಿರುವುದಿಲ್ಲ.

ಕರೆಂಟ್ ಹೋಗಿ ಬಂದು, ಮತ್ತೆ ಹೋಗಿ ಬಂದು ಮಾಡಿದ ಮೇಲೆ ಕಂಪ್ಯೂಟರ್ ಸತ್ತಂತೆ ಬಿದ್ದಿದ್ದರೆ ಗಾಬರಿ ಬೇಡ. ಎಸ್‌ಎಂಪಿಎಸ್‌ನೊಳಗಿನ ರಕ್ಷಣೆಯ ಸರ್ಕ್ಯೂಟ್ ಬೀಗ ಹಾಕಿಕೊಂಡಿರಬಹುದು. ಪ್ಲಗ್ ಕಿತ್ತು, ಬಟನ್ 15 ಸೆಕೆಂಡ್ ಒತ್ತಿ, ಐದು-ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಎದ್ದು ಕೂರುತ್ತದೆ.

ಇನ್ನೂ ಇಲ್ಲವೆಂದರೆ ಪಕ್ಕದ ಬಾಗಿಲು ತೆಗೆಯಿರಿ. ಪ್ಲಗ್ ಹಾಕಿದಾಗ ಮದರ್‌ಬೋರ್ಡಿನಲ್ಲಿ ಸಣ್ಣ ಲೈಟ್ ಹೊತ್ತಿದರೆ, ಅಥವಾ ಹಿಂದಿನ ಲ್ಯಾನ್ ಪೋರ್ಟಿನ ಲೈಟ್ ಮಿಣುಕಿದರೆ ಸ್ಟ್ಯಾಂಡ್‌ಬೈ ಕರೆಂಟ್ (ಬಟನ್ ಒತ್ತುವ ಮೊದಲೇ ಇರುವ ಕರೆಂಟ್) ಬರುತ್ತಿದೆ ಎಂದರ್ಥ. ಆಗ ಮೊದಲ ಸಂಶಯ ಮುಂದಿನ ಪವರ್ ಬಟನ್ ಮೇಲೆ. ಉಪ್ಪುಗಾಳಿಗೆ ಅದರೊಳಗಿನ ತಗಡು ಕಿಲುಬು ಹಿಡಿಯುತ್ತದೆ, ಒತ್ತಿದರೆ ಟಿಕ್ ಎನ್ನುತ್ತದೆ, ಸಂಪರ್ಕ ಆಗುವುದಿಲ್ಲ. ಬಟನ್‌ನಿಂದ ಬರುವ ಎರಡು ತೆಳು ವಯರುಗಳು ಬೋರ್ಡಿನ ಕೆಳ ಅಂಚಿನ ಪಿನ್ನುಗಳ ಗುಂಪಿಗೆ ಸೇರುತ್ತವೆ. ಹೆಚ್ಚಿನ ಬೋರ್ಡುಗಳಲ್ಲಿ ಇದು ಎರಡು ಸಾಲಿನ ಒಂಬತ್ತು ಪಿನ್ನುಗಳ ಗುಂಪು, 6 ಮತ್ತು 8ನೆಯವು ಪವರ್ ಸ್ವಿಚ್‌ನವು. ಬೋರ್ಡಿನ ಮೇಲೆ ಅಥವಾ ಕೈಪಿಡಿಯಲ್ಲಿ ಗುರುತು ಖಚಿತ ಮಾಡಿಕೊಂಡು, ಪ್ಲಗ್ ತೆಗೆದು ಆ ವಯರ್ ಕಿತ್ತು, ಮತ್ತೆ ಪ್ಲಗ್ ಹಾಕಿ, ಸ್ಕ್ರೂಡ್ರೈವರಿನ ತುದಿಯಿಂದ ಆ ಎರಡು ಪಿನ್ನುಗಳನ್ನು ಅರೆ ಸೆಕೆಂಡ್ ಒಟ್ಟಿಗೆ ಮುಟ್ಟಿಸಿ. ಅಲ್ಲಿರುವುದು ಹೆಚ್ಚೆಂದರೆ 5 ವೋಲ್ಟ್, ಶಾಕ್ ಹೊಡೆಯುವುದಿಲ್ಲ. ಕಂಪ್ಯೂಟರ್ ಎದ್ದರೆ ಬಟನ್ ಹಾಳು. ಅದಕ್ಕಾಗಿ ಹೊಸ ಕ್ಯಾಬಿನೆಟ್ ತರಬೇಕಾಗಿಲ್ಲ. ರೀಸೆಟ್ ಬಟನ್‌ನ ವಯರನ್ನು ತಂದು ಪವರ್ ಸ್ವಿಚ್ಚಿನ ಜಾಗಕ್ಕೆ ಸಿಕ್ಕಿಸಿ. ಇನ್ನು ಮುಂದೆ ರೀಸೆಟ್ ಒತ್ತಿದರೆ ಆನ್, ಅಷ್ಟೇ. ರೀಸೆಟ್ ಬಟನ್ ಉಪಯೋಗಿಸುವವರು ಯಾರಿದ್ದಾರೆ?

ಪಿನ್ ಮುಟ್ಟಿಸಿದರೂ ಏಳದಿದ್ದರೆ ಎಸ್‌ಎಂಪಿಎಸ್ ಪರೀಕ್ಷೆ. ಪ್ಲಗ್ ಕಿತ್ತು, ಬೋರ್ಡಿಗೆ ಹೋಗುವ 24 ಪಿನ್ನಿನ ದಪ್ಪ ಕನೆಕ್ಟರ್ ಮತ್ತು ಪ್ರೊಸೆಸರ್ (ಲೆಕ್ಕ ಮಾಡುವ ಮುಖ್ಯ ಚಿಪ್) ಹತ್ತಿರದ 4 ಅಥವಾ 8 ಪಿನ್ನಿನದನ್ನೂ ತೆಗೆಯಿರಿ. 24 ಪಿನ್ನಿನದರಲ್ಲಿ ಹಸಿರು ವಯರ್ ಒಂದೇ ಇರುತ್ತದೆ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ ಹಸಿರಿನ ತೂತಿಗೆ ಒಂದು ತುದಿ, ಪಕ್ಕದ ಕಪ್ಪಿನ ತೂತಿಗೆ ಇನ್ನೊಂದು ತುದಿ ಸಿಕ್ಕಿಸಿ. ಹಳೆಯ ಕ್ಯಾಬಿನೆಟ್ ಫ್ಯಾನ್ ಇದ್ದರೆ ಎಸ್‌ಎಂಪಿಎಸ್‌ನ ಬೇರೊಂದು ಕನೆಕ್ಟರಿಗೆ ಜೋಡಿಸಿ. ಈಗ ಪ್ಲಗ್ ಹಾಕಿ ಸ್ವಿಚ್ ಆನ್ ಮಾಡಿ, ಕ್ಲಿಪ್ ಮುಟ್ಟಬೇಡಿ. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್‌ಗೆ ಜೀವ ಉಂಟು. ವಯರುಗಳೆಲ್ಲ ಕಪ್ಪಾಗಿರುವ ಹೊಸ ಮಾದರಿಗಳಲ್ಲಿ ಲೆಕ್ಕ ತಪ್ಪುವ ಅಪಾಯ ಹೆಚ್ಚು, ಕ್ಲಿಪ್ಪಿನ ಸಾಹಸ ಬೇಡ. ಎಸ್‌ಎಂಪಿಎಸ್ ಟೆಸ್ಟರ್ ಎನ್ನುವ ಅಗ್ಗದ ಸಾಧನ ಸಿಗುತ್ತದೆ.

ಜೀವ ಇದ್ದ ಮಾತ್ರಕ್ಕೆ ಆರೋಗ್ಯ ಇದೆ ಎಂದಲ್ಲ. ಮಲ್ಟಿಮೀಟರನ್ನು ಡಿಸಿ 20ರಲ್ಲಿ ಇಟ್ಟು ಕಪ್ಪಿಗೆ ಕಪ್ಪು ಕಡ್ಡಿ ಹಿಡಿದು ಉಳಿದದ್ದು ಅಳೆಯಿರಿ. ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47. ನೇರಳೆ ವಯರ್ ಸ್ಟ್ಯಾಂಡ್‌ಬೈಯದು, ಪ್ಲಗ್ ಹಾಕಿದಾಗಲೆಲ್ಲ ಅದರಲ್ಲಿ 5 ವೋಲ್ಟ್ ಇರಲೇಬೇಕು. “ಬೆಳಿಗ್ಗೆ ಹತ್ತು ಸಲ ಒತ್ತಿದ ಮೇಲೆ ಆನ್ ಆಗುತ್ತದೆ, ಪ್ಲಗ್ ಹಾಕಿ ಅರ್ಧ ಗಂಟೆ ಬಿಟ್ಟರೆ ಆನ್ ಆಗುತ್ತದೆ” ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ನೇರಳೆ ವಯರಿನ ಹಿಂದಿನ ಕೆಪಾಸಿಟರ್. ಒಳಗಿನ ದ್ರವ ಒಣಗಿರುತ್ತದೆ, ಬಿಸಿಯಾದ ಮೇಲಷ್ಟೇ ಕೆಲಸ ಮಾಡುತ್ತದೆ. ಅಂಥ ಎಸ್‌ಎಂಪಿಎಸ್ ಬದಲಿಸಿಬಿಡಿ. ಇಂದು ಹತ್ತು ಸಲ ಒತ್ತಿದ್ದು ನಾಳೆ ಇಪ್ಪತ್ತು ಸಲ ಆಗುತ್ತದೆ, ಒಂದು ದಿನ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಹಿಂದಿನ ಜಾಲರಿಯಿಂದ ಟಾರ್ಚ್ ಬಿಟ್ಟೂ ನೋಡಿ. ಬೆಚ್ಚಗಿನ ಜಾಗ ಹುಡುಕಿ ಬಂದ ಹಲ್ಲಿ, ಮಣ್ಣು ತಂದು ಗೂಡು ಕಟ್ಟಿದ ಇರುವೆ, ಎರಡೂ ಎಸ್‌ಎಂಪಿಎಸ್‌ಗೆ ಶಾರ್ಟ್ ಮಾಡಬಲ್ಲವು. ಸುಟ್ಟ ವಾಸನೆ ಬಂದಿದ್ದರೆ ಇನ್ನೊಮ್ಮೆ ಆನ್ ಮಾಡಿ ನೋಡುವ ಆಸೆ ಬೇಡ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆಯೇ?

ಬರಿಗಾಲಲ್ಲಿ ನಿಂತು ಸಿಪಿಯು ಮುಟ್ಟಿದಾಗ ಸಣ್ಣಗೆ ಜುಂ ಎನ್ನುವುದನ್ನು ಇಲ್ಲಿಯ ಎಷ್ಟೋ ಮನೆಗಳಲ್ಲಿ ಮಾಮೂಲು ಎಂದು ಬಿಟ್ಟಿರುತ್ತಾರೆ. ಅದು ಅರ್ಥಿಂಗ್ ಇಲ್ಲ ಎನ್ನುವುದರ ಗುರುತು. ಎಸ್‌ಎಂಪಿಎಸ್‌ನ ಒಳಗೆ ಫೇಸ್‌ನಿಂದ ಮತ್ತು ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೊಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಅರ್ಥ್ ವಯರ್ ಎಲ್ಲಿಗೂ ಸೇರದಿದ್ದರೆ ಕ್ಯಾಬಿನೆಟ್‌ನ ಮೈಮೇಲೆ ಸುಮಾರು 115 ವೋಲ್ಟ್ ತೇಲುತ್ತದೆ. ಕರೆಂಟ್ ಅತ್ಯಲ್ಪವಾದ್ದರಿಂದ ಮನುಷ್ಯರಿಗೆ ಜುಂ ಎಂದಷ್ಟೇ ಅನಿಸುತ್ತದೆ, ಆದರೆ ಆ ಸ್ಥಿತಿಯಲ್ಲಿ ಎಚ್‌ಡಿಎಂಐ, ಯುಎಸ್‌ಬಿ ವಯರ್ ಸಿಕ್ಕಿಸುವಾಗ ಪೋರ್ಟುಗಳು ಸಾಯಬಹುದು. ಜುಂ ಅಲ್ಲದೆ ಗಟ್ಟಿಯಾಗಿ ಶಾಕ್ ಹೊಡೆದರೆ ಅದು ಬೇರೆ ವಿಷಯ, ಕೂಡಲೇ ಪ್ಲಗ್ ಕಿತ್ತು ಎಲೆಕ್ಟ್ರಿಷಿಯನ್ ಕರೆಯಿರಿ.

ಗೋಡೆಯ ಪಾಯಿಂಟಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ಬರುತ್ತದೋ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು; ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು-ಮೂರು ವೋಲ್ಟ್ ದಾಟಬಾರದು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ, ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಏಪ್ರಿಲ್-ಮೇಯಲ್ಲಿ ಕೈಕೊಡುತ್ತದೆ. ಅರ್ಥ್ ಗುಂಡಿಗೆ ಬೇಸಗೆಯಲ್ಲಿ ವಾರಕ್ಕೆರಡು ಕೊಡ ನೀರು ಹಾಕುವ ಹಳೆಯ ಅಭ್ಯಾಸ ಸುಮ್ಮನೆ ಬಂದದ್ದಲ್ಲ.

ಆ ಏಪ್ರಿಲ್-ಮೇ ತಿಂಗಳುಗಳೇ ಸಿಡಿಲಿನ ಕಾಲವೂ ಹೌದು, ಪತ್ತನಾಜೆಗೆ (ಮೇ ಕೊನೆಯ ತುಳು ಆಚರಣೆ) ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿನವರೆಗೂ ಸಂಜೆಯ ಗುಡುಗು ನಿಲ್ಲುವುದಿಲ್ಲ. ಮಳೆ ಹಿಂದೆ ಸರಿಯುವ ಅಕ್ಟೋಬರಿನಲ್ಲಿ ಮತ್ತೆ ಶುರು. ಪ್ಲಗ್ ಕಿತ್ತಿಟ್ಟಿದ್ದರೂ ಕಂಪ್ಯೂಟರ್ ಹೋಯಿತು ಎಂದು ಹೇಳುವವರ ಮನೆಯಲ್ಲಿ ಲ್ಯಾನ್ ವಯರ್ ಸಿಕ್ಕಿಸಿಯೇ ಇರುತ್ತದೆ. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ ನಿಜ, ಆದರೆ ಆ ಫೈಬರ್ ಸೇರುವ ಡಬ್ಬಕ್ಕೆ ಅಡಾಪ್ಟರ್ ಉಂಟು, ಅಲ್ಲಿಂದ ಕಂಪ್ಯೂಟರಿಗೆ ತಾಮ್ರದ ವಯರ್ ಉಂಟು. ಗುಡುಗು ಕೇಳಿದರೆ ಎರಡನ್ನೂ ಕೀಳಿ. ಸಿಡಿಲಿನ ನಂತರ ಕಂಪ್ಯೂಟರ್ ಏಳದಿದ್ದರೆ ಲ್ಯಾನ್ ಪೋರ್ಟಿನ ಸುತ್ತ ಕಪ್ಪು ಕಲೆ ಉಂಟೋ ನೋಡಿ. ಇದ್ದರೆ ಎಸ್‌ಎಂಪಿಎಸ್ ಬದಲಿಸುವುದರಿಂದ ಉಪಯೋಗವಿಲ್ಲ, ಹೊಡೆತ ಬೋರ್ಡಿಗೇ ಬಿದ್ದಿದೆ. ಸ್ಪೈಕ್ ಗಾರ್ಡ್ ಇತ್ತಲ್ಲ ಎಂದರೆ, ಅದರೊಳಗಿನ ತಡೆಬಿಲ್ಲೆ ಪ್ರತಿ ಹೊಡೆತಕ್ಕೂ ಸವೆಯುತ್ತದೆ. ಹಳೆಯ ಸ್ಪೈಕ್ ಗಾರ್ಡ್ ಬರೀ ಎಕ್ಸ್‌ಟೆನ್ಶನ್ ಬಾಕ್ಸ್ ಅಷ್ಟೇ.

ಫ್ಯಾನ್ ತಿರುಗುತ್ತದೆ, ಮಾನಿಟರ್ ಕಪ್ಪು

ಮೊದಲು ಮಾನಿಟರಿನದ್ದೇ ಬಟನ್ ಒತ್ತಿ. ಅದರ ಮೆನು ಬಂದರೆ ಅಥವಾ ‘ನೋ ಸಿಗ್ನಲ್’ ಎಂದು ತೋರಿಸಿದರೆ ಮಾನಿಟರ್ ಸರಿ. ಕೀಬೋರ್ಡಿನ ನಮ್‌ಲಾಕ್ ಒತ್ತಿ; ಲೈಟ್ ಹೊತ್ತಿ ಆರುತ್ತಿದ್ದರೆ ಒಳಗೆ ಕಂಪ್ಯೂಟರ್ ಓಡುತ್ತಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಆಗ ಕೇಬಲ್ ಎಲ್ಲಿ ಸಿಕ್ಕಿಸಿದ್ದೀರಿ ನೋಡಿ. ಗ್ರಾಫಿಕ್ಸ್ ಕಾರ್ಡ್ (ಚಿತ್ರಕ್ಕೆಂದೇ ಸೇರಿಸಿದ ಬೇರೆ ಕಾರ್ಡ್) ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಮೇಲಿನ ಬೋರ್ಡಿನ ಪೋರ್ಟಿಗಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳಿಗೆ, ರೈಜೆನ್‌ನ 5600ರಂಥವಕ್ಕೆ ಸ್ವಂತ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಪೋರ್ಟಿಗೆ ಹಾಕಿದರೆ ಎಂದೂ ಚಿತ್ರ ಬರುವುದಿಲ್ಲ.

ನಮ್‌ಲಾಕ್ ಕೂಡ ಅಲ್ಲಾಡದಿದ್ದರೆ ರ‍್ಯಾಮ್. ಮಳೆಗಾಲದಲ್ಲಿ, ಅದರಲ್ಲೂ ಮನೆ ಬೀಗ ಹಾಕಿ ಹದಿನೈದು ದಿನ ಊರಿಗೆ ಹೋಗಿ ಬಂದ ಮೇಲೆ ಈ ತೊಂದರೆ ಬಂದಿದ್ದರೆ ಬೇರೆ ಯೋಚನೆಯೇ ಬೇಡ, ನೇರ ರ‍್ಯಾಮ್‌ಗೆ ಹೋಗಿ. ದಿನಾ ಓಡುವ ಕಂಪ್ಯೂಟರ್ ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಮುಚ್ಚಿಟ್ಟ ಕೋಣೆಯಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಸುಮ್ಮನೆ ಕೂತ ಲೋಹದ ಹಲ್ಲುಗಳ ಮೇಲೂ ತೆಳು ಪದರ ಕಟ್ಟುತ್ತದೆ.

ಪ್ಲಗ್ ಕಿತ್ತು ಕ್ಯಾಬಿನೆಟ್ ಮಲಗಿಸಿ. ಮೊದಲು ಬ್ರಷ್ಷಿನಿಂದ ಸ್ಲಾಟಿನ ಸುತ್ತಲಿನ ದೂಳು ತೆಗೆಯಿರಿ. ರ‍್ಯಾಮ್ ಕಿತ್ತ ಮೇಲೆ ಬ್ರಷ್ ಆಡಿಸಿದರೆ ದೂಳು ಸ್ಲಾಟಿನೊಳಗೇ ಬೀಳುತ್ತದೆ. ಎರಡು ತುದಿಯ ಕ್ಲಿಪ್ಪುಗಳನ್ನು ಹೊರಗೆ ಒತ್ತಿ, ಕೆಲವು ಬೋರ್ಡುಗಳಲ್ಲಿ ಒಂದೇ ತುದಿಗೆ ಕ್ಲಿಪ್ ಇರುತ್ತದೆ. ರ‍್ಯಾಮ್ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ನೇರ ಮೇಲಕ್ಕೆ ಎತ್ತಿ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹಲ್ಲುಗಳು ಒಂದೇ ಸಮನೆ ಹೊಳೆಯಬೇಕು. ಕೆಲವು ಮಂಕಾಗಿದ್ದರೆ, ಕಂದು ಚುಕ್ಕಿ ಇದ್ದರೆ, ಅಂಚಿನಲ್ಲಿ ಹಸಿರು ಕಂಡರೆ ಕಳ್ಳ ಸಿಕ್ಕಿದಂತೆ. ಮೇಜಿನ ಮೇಲೆ ಕಾಗದ ಹಾಸಿ ಅದರ ಮೇಲೆ ಪಟ್ಟಿ ಇಟ್ಟು, ಬಿಳಿ ರಬ್ಬರಿನಿಂದ ಹಲ್ಲುಗಳ ಉದ್ದಕ್ಕೆ, ಅಂದರೆ ಪಟ್ಟಿಯಿಂದ ಅಂಚಿನ ಕಡೆಗೆ, ಹಗುರಾಗಿ ಐದಾರು ಸಲ ಉಜ್ಜಿ. ಅಡ್ಡಡ್ಡ ಉಜ್ಜಿದರೆ ಹಲ್ಲಿನ ತಗಡು ಏಳಬಹುದು. ಶಾಯಿ ಅಳಿಸುವ ಒರಟು ನೀಲಿ ರಬ್ಬರ್ ಖಂಡಿತ ಬೇಡ, ಚಿನ್ನದ ಲೇಪವೇ ಹೋಗುತ್ತದೆ. ಎರಡೂ ಮುಖ ಉಜ್ಜಿದ ಮೇಲೆ ರಬ್ಬರಿನ ಪುಡಿ ಬ್ರಷ್ಷಿನಿಂದ ಕೊಡವಿ, ಐಸೊಪ್ರೊಪೈಲ್‌ನಲ್ಲಿ ಒದ್ದೆ ಮಾಡಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ಐದು ನಿಮಿಷ ಒಣಗಲು ಬಿಡಿ. ಈ ಒರೆಸುವುದನ್ನು ಬಿಟ್ಟುಬಿಡುವವರೇ ಹೆಚ್ಚು, ರಬ್ಬರಿನ ಪುಡಿ ಸ್ಲಾಟಿಗೆ ಸೇರಿ ಮಾರನೇ ವಾರ ಅದೇ ತೊಂದರೆ ತಿರುಗಿ ಬರುತ್ತದೆ. ತೆಂಗಿನೆಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಸ್ಲಾಟಿಗೆ ಹಾಕಬೇಡಿ.

ತಿರುಗಿ ಹಾಕುವಾಗ ಪಟ್ಟಿಯ ಕೆಳಗಿನ ಕಚ್ಚು ಸ್ಲಾಟಿನ ಉಬ್ಬಿಗೆ ಸರಿಯಾಗಿ ಕೂರಬೇಕು. ಎರಡೂ ತುದಿಗೆ ಹೆಬ್ಬೆರಳಿಟ್ಟು ಕ್ಲಿಪ್ ಟಕ್ ಎನ್ನುವವರೆಗೆ ಒತ್ತಿ, ಒಂದು ತುದಿ ಕೂತು ಇನ್ನೊಂದು ಕೂರದಿರುವುದೇ ಮಾಮೂಲಿ ತಪ್ಪು. ಎರಡು ಪಟ್ಟಿ ಇದ್ದರೆ ಮೊದಲು ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದನ್ನೇ, ಆಮೇಲೆ ಸ್ಲಾಟ್ ಬದಲಿಸಿ. ನಾಲ್ಕು ಸ್ಲಾಟಿನ ಬೋರ್ಡಾದರೆ ಒಂದೇ ಪಟ್ಟಿಗೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯ ಸ್ಲಾಟ್, ಎರಡು ಪಟ್ಟಿಗಾದರೆ ಎರಡು ಮತ್ತು ನಾಲ್ಕು. ಡಿಡಿಆರ್5 ಬಗೆಯ ರ‍್ಯಾಮ್ ಇರುವ ಹೊಸ ಕಂಪ್ಯೂಟರುಗಳಲ್ಲಿ ಒಂದು ಎಚ್ಚರ: ರ‍್ಯಾಮ್ ಕಿತ್ತು ಹಾಕಿದ ಮೇಲೆ ಮೊದಲ ಸಲ ಅದನ್ನು ಅಳೆದು ಹೊಂದಿಸಿಕೊಳ್ಳಲು ಬೋರ್ಡಿಗೆ ಕೆಲವು ನಿಮಿಷ ಬೇಕಾಗಬಹುದು. ಮಾನಿಟರ್ ಕಪ್ಪಿದೆ ಎಂದು ಆತುರದಲ್ಲಿ ಆಫ್ ಮಾಡಬೇಡಿ.

ಬೋರ್ಡೇ ಕೆಲವೊಮ್ಮೆ ದೋಷ ಹೇಳುತ್ತದೆ. ಹೊಸ ಬೋರ್ಡುಗಳಲ್ಲಿ ಸಿಪಿಯು (ಇಲ್ಲಿ ಪ್ರೊಸೆಸರ್ ಎಂದರ್ಥ), ಡಿರ‍್ಯಾಮ್ (ರ‍್ಯಾಮ್), ವಿಜಿಎ (ಗ್ರಾಫಿಕ್ಸ್), ಬೂಟ್ (ಡಿಸ್ಕ್) ಎಂದು ಬರೆದ ನಾಲ್ಕು ಪುಟ್ಟ ಲೈಟುಗಳಿರುತ್ತವೆ, ಯಾವುದು ಆರದೆ ಉಳಿಯಿತೋ ಅಲ್ಲಿ ತೊಂದರೆ. ಹಳೆಯವಲ್ಲಿ ಬೀಪ್. ಎಎಂಐ ಕಂಪನಿಯ ಬಯೋಸ್‌ನಲ್ಲಿ (ಆನ್ ಮಾಡಿದ ಕೂಡಲೇ ಬೋರ್ಡಿನಲ್ಲಿ ಓಡುವ ಮೊದಲ ಪ್ರೋಗ್ರಾಂ) ಮೂರು ಸಣ್ಣ ಬೀಪ್ ಎಂದರೆ ರ‍್ಯಾಮ್, ಎಂಟಾದರೆ ಗ್ರಾಫಿಕ್ಸ್. ಅವಾರ್ಡ್‌ನಲ್ಲಿ ಒಂದು ಉದ್ದ ಎರಡು ಗಿಡ್ಡ ಎಂದರೆ ಗ್ರಾಫಿಕ್ಸ್. ರ‍್ಯಾಮನ್ನು ಪೂರ್ತಿ ತೆಗೆದು ಆನ್ ಮಾಡಿದಾಗ ಬೀಪ್ ಬಂದರೆ ಒಳ್ಳೆಯ ಸುದ್ದಿ, ಬೋರ್ಡೂ ಪ್ರೊಸೆಸರೂ ಬದುಕಿವೆ. ಬೀಪ್ ಬರದಿದ್ದರೆ ಅಲ್ಲಿ ಸ್ಪೀಕರೇ ಇಲ್ಲದಿರಬಹುದು, ಸತ್ತಿದೆ ಎಂದು ತೀರ್ಮಾನಿಸಬೇಡಿ.

ರ‍್ಯಾಮ್‌ನಿಂದ ಪರಿಹಾರವಾಗದಿದ್ದರೆ ಎಲ್ಲ ಕಿತ್ತು ಕನಿಷ್ಠಕ್ಕೆ ಇಳಿಸಿ: ಬೋರ್ಡ್, ಪ್ರೊಸೆಸರ್ ಮತ್ತು ಅದರ ಫ್ಯಾನ್, ಒಂದು ರ‍್ಯಾಮ್, ಎಸ್‌ಎಂಪಿಎಸ್. ಡಿಸ್ಕುಗಳು, ಯುಎಸ್‌ಬಿ ಸಾಮಾನು, ಕಾರ್ಡುಗಳು ಎಲ್ಲ ಹೊರಗೆ. ಚಿತ್ರ ಬಂದರೆ ಒಂದೊಂದೇ ತಿರುಗಿ ಸೇರಿಸುತ್ತ ಹೋಗಿ. ಯಾವುದನ್ನು ಸೇರಿಸಿದಾಗ ನಿಂತಿತೋ ಅದೇ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರ್ ಪೂರ್ತಿ ಕೂತಿದೆಯೇ ನೋಡಲು ಮರೆಯಬೇಡಿ. ಅದು ಸಡಿಲವಾಗಿದ್ದರೆ ಫ್ಯಾನುಗಳೆಲ್ಲ ತಿರುಗುತ್ತವೆ, ಪ್ರೊಸೆಸರ್ ಮಾತ್ರ ಹಸಿದು ಕೂತಿರುತ್ತದೆ.

ಬೋರ್ಡಿನ ಮೇಲೆ ಕಣ್ಣಿಗೆ ಕಾಣುವಂತೆ ತೇವ ಇದ್ದರೆ ಆನ್ ಮಾಡಲೇಬೇಡಿ. ಬಾಗಿಲು ತೆಗೆದು ಸೀಲಿಂಗ್ ಫ್ಯಾನ್ ಕೆಳಗೆ ಒಂದು ರಾತ್ರಿ ಇಡಿ, ಅಥವಾ ಹಳೆಯ 40 ವಾಟಿನ ತಂತಿ ಬಲ್ಬನ್ನು ಒಂದೂವರೆ ಅಡಿ ದೂರದಲ್ಲಿ ಐದಾರು ಗಂಟೆ ಉರಿಸಿ. ಹೇರ್ ಡ್ರೈಯರ್ ಆದರೆ ತಣ್ಣನೆಯ ಗಾಳಿ ಮಾತ್ರ. ಬಿಸಿಗಾಳಿ ಹತ್ತಿರ ಹಿಡಿದರೆ ಪ್ಲಾಸ್ಟಿಕ್ ಕನೆಕ್ಟರುಗಳು ಸೊಟ್ಟಗಾಗುತ್ತವೆ. ಬಿಸಿಲಿಗೆ ಇಡುವ ಮಾತು ಜುಲೈಯಲ್ಲಿ ಹೇಗೂ ಇಲ್ಲ.

ಬಂದು ಹೋಗುವುದು

ಆನ್ ಆಗಿ ಒಂದೆರಡು ಸೆಕೆಂಡಿಗೆ ಆಫ್ ಆಗಿ, ಮತ್ತೆ ತಾನೇ ಆನ್ ಆಗುತ್ತಿದ್ದರೆ ಶಾರ್ಟ್ ಅಥವಾ ರ‍್ಯಾಮ್ ದೋಷದ ಸಂಶಯ. ಬೋರ್ಡಿನ ಅಡಿಗೆ ಬಿದ್ದ ಸ್ಕ್ರೂ, ಒಳಗೇ ಸಿಕ್ಕಿಕೊಂಡ ಪವರ್ ಬಟನ್, ಹಿಂದಿನ ಬಾಗಿದ ಯುಎಸ್‌ಬಿ ಪೋರ್ಟ್ ನೋಡಿ. ಬಟನ್ ಸಿಕ್ಕಿಕೊಂಡಿದ್ದರೆ ಸರಿಯಾಗಿ ನಾಲ್ಕೈದು ಸೆಕೆಂಡಿಗೆ ಆಫ್ ಆಗುತ್ತದೆ, ನೀವೇ ಒತ್ತಿ ಹಿಡಿದಂತೆ.

ಅರ್ಧ ನಿಮಿಷ, ಎರಡು ನಿಮಿಷ ಓಡಿ ಆಫ್ ಆದರೆ ಅದು ಬಿಸಿ. ಪ್ರೊಸೆಸರ್ ಮೇಲಿನ ಹೀಟ್‌ಸಿಂಕನ್ನು (ಬಿಸಿ ಹೀರುವ ಲೋಹದ ಗಟ್ಟಿ) ಹಗುರಾಗಿ ಅಲ್ಲಾಡಿಸಿ. ಇಂಟೆಲ್‌ನ ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಮೇಲೆದ್ದಿರುವುದು ಬಹಳ ಸಾಮಾನ್ಯ. ಬಿಚ್ಚಿದರೆ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್‌ನಿಂದ ಪೂರ್ತಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಥರ್ಮಲ್ ಪೇಸ್ಟ್ ನಡುವೆ ಇಟ್ಟು ಹೀಟ್‌ಸಿಂಕ್ ಒತ್ತಿ. ಹೆಚ್ಚು ಹಾಕಿದರೆ ಹೆಚ್ಚು ತಂಪಾಗುವುದಿಲ್ಲ, ಸಾಕೆಟ್ಟಿಗೆ ಇಳಿಯುತ್ತದೆ. ಹಳೆಯ ಬೋರ್ಡಾದರೆ ಪ್ರೊಸೆಸರ್ ಸುತ್ತ ನಿಂತ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿದೆಯೋ ಉಬ್ಬಿದೆಯೋ ನೋಡಿ. ಉಬ್ಬಿದ್ದರೆ ಬೆಸುಗೆ ಬಲ್ಲವರಿಗೆ ಕೊಡಬೇಕು.

ಲೋಗೋ ಬಂತು, ವಿಂಡೋಸ್ ಬರಲಿಲ್ಲ

ಇಲ್ಲಿಯವರೆಗೆ ಬಂದಿತೆಂದರೆ ಕರೆಂಟ್, ರ‍್ಯಾಮ್, ಪ್ರೊಸೆಸರ್ ಎಲ್ಲ ಸರಿ. ‘ಎಫ್1 ಒತ್ತಿ’ ಎಂದು ನಿಂತರೆ, ತಾರೀಕು ಎಷ್ಟೋ ವರ್ಷ ಹಿಂದಿನದನ್ನು ತೋರಿಸಿದರೆ ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ. ಹೊಸದು 3 ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತದೆ, 2.7ಕ್ಕಿಂತ ಕೆಳಗಿಳಿದರೆ ಬದಲಿಸಿ. ಆದರೆ ಸೆಲ್ ಬದಲಿಸಿದ ಮೇಲೂ ವಿಂಡೋಸ್ ಬರದಿರಬಹುದು, ಇದನ್ನು ಡಿಸ್ಕ್ ಹೋಯಿತೆಂದು ತಪ್ಪು ತಿಳಿದು ಫಾರ್ಮ್ಯಾಟ್ ಮಾಡಿಸಿದವರು ಬಹಳ. ಸೆಲ್ ಸತ್ತಾಗ ಬಯೋಸ್‌ನ ಸೆಟ್ಟಿಂಗುಗಳೂ ಮರೆತುಹೋಗುತ್ತವೆ. ಯುಇಎಫ್‌ಐಯಲ್ಲಿ (ಹೊಸ ಬೂಟ್ ವಿಧಾನ) ಹಾಕಿದ ವಿಂಡೋಸ್, ಬೋರ್ಡು ಲೆಗಸಿಗೆ (ಹಳೆಯ ವಿಧಾನ) ತಿರುಗಿದರೆ ಕಾಣಿಸುವುದೇ ಇಲ್ಲ. ಡಿಸ್ಕಿನೊಡನೆ ಮಾತಾಡುವ ಸಾಟಾ ಮೋಡ್ ಎಎಚ್‌ಸಿಐಯಿಂದ ಬೇರೆಯದಕ್ಕೆ ಹೋದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತದೆ. ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ ಈ ಎರಡನ್ನು ಮೊದಲಿನಂತೆ ಮಾಡಿ. ಮೊದಲು ಹೇಗಿತ್ತೆಂದು ಗೊತ್ತಿಲ್ಲದಿದ್ದರೆ ಒಂದೊಂದಾಗಿ ಬದಲಿಸಿ ನೋಡುವುದರಲ್ಲಿ ಅಪಾಯವಿಲ್ಲ.

ಅಪಾಯ ಬೇರೆ ಕಡೆ ಇದೆ. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗುವ ಹೊಸ ಕಂಪ್ಯೂಟರುಗಳಲ್ಲಿ ಬಿಟ್‌ಲಾಕರ್ ಬೀಗ (ಡಿಸ್ಕಿನ ಮಾಹಿತಿಯನ್ನು ಗುಪ್ತಲಿಪಿಯಲ್ಲಿಡುವ ವ್ಯವಸ್ಥೆ) ತಾನಾಗಿಯೇ ಬಿದ್ದಿರಬಹುದು. ಸೆಲ್ ತೆಗೆದು ಬಯೋಸ್ ರೀಸೆಟ್ ಮಾಡಿದರೆ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಮೊಬೈಲಿನಿಂದ ಅದೇ ಅಕೌಂಟಿಗೆ ಹೋಗಿ ಕೀ ಬರೆದಿಟ್ಟುಕೊಂಡ ಮೇಲೆಯೇ ಸೆಲ್‌ಗೆ ಕೈಹಾಕಿ.

‘ಬೂಟ್ ಡಿವೈಸ್ ಇಲ್ಲ’ ಎಂಬರ್ಥದ ಸಾಲು ಬಂದರೆ ಮೊದಲು ಪೆನ್‌ಡ್ರೈವ್ ಸಿಕ್ಕಿಸಿಯೇ ಇದೆಯೇ ನೋಡಿ. ಬಯೋಸ್‌ನಲ್ಲಿ ಡಿಸ್ಕಿನ ಹೆಸರು ಕಾಣದಿದ್ದರೆ ಸಾಟಾ ಕೇಬಲ್ ಬದಲಿಸಿ, ಬೋರ್ಡಿನ ಬೇರೆ ಪೋರ್ಟಿಗೆ ಹಾಕಿ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಎಂದು ತಾಳ ಹಾಕಿದಂತೆ ಸದ್ದು ಬಂದರೆ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಫೋಟೋಗಳು ಉಳಿಯುವ ಸಾಧ್ಯತೆ ಕರಗುತ್ತದೆ.

ವಿಂಡೋಸ್ ಶುರುವಾಗಿ ಸುತ್ತುತ್ತಲೇ ಇದ್ದರೆ, ಚುಕ್ಕಿಗಳು ಬಂದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಎರಡು-ಮೂರು ಸಲ ಹೀಗೆ ಮಾಡಿದರೆ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಮೊದಲು ಸ್ಟಾರ್ಟಪ್ ರಿಪೇರ್, ಆಗದಿದ್ದರೆ ಇತ್ತೀಚಿನ ಅಪ್‌ಡೇಟ್ ತೆಗೆಯುವ ಆಯ್ಕೆ, ಅದೂ ಆಗದಿದ್ದರೆ ಸೇಫ್ ಮೋಡ್. ಯಾವುದೂ ಆಗದಿದ್ದರೆ ಇನ್ನೊಂದು ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವಿಗೆ ಉಬುಂಟು (ವಿಂಡೋಸ್ ಬದಲಿಗೆ ಓಡುವ ಉಚಿತ ವ್ಯವಸ್ಥೆ) ಹಾಕಿ, ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿ, ಮನೆಯ ಫೋಟೋ-ಕಾಗದಪತ್ರಗಳನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ. ಬಿಟ್‌ಲಾಕರ್ ಇದ್ದರೆ ಆ 48 ಅಂಕಿಗಳು ಇಲ್ಲೂ ಬೇಕು. ವಿಂಡೋಸ್ ಹೊಸದಾಗಿ ಹಾಕುವುದು ಆಮೇಲಿನ ಮಾತು. ಹಾಕುವುದಾದರೆ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎನ್ನುವುದು ನೆನಪಿರಲಿ.

ಅಂಗಡಿಗೆ ಕೊಡುವುದಾದರೆ

ಇಷ್ಟಾದ ಮೇಲೂ ಆಗದಿದ್ದರೆ ಪ್ರೊಸೆಸರ್ ಅಥವಾ ಬೋರ್ಡು ಉಳಿಯಿತು, ಬದಲಿ ಭಾಗ ಇಲ್ಲದೆ ಅದನ್ನು ಪರೀಕ್ಷಿಸಲು ಆಗುವುದಿಲ್ಲ. ಹಂಪನಕಟ್ಟೆಗೋ ಉಡುಪಿ ಪೇಟೆಗೋ ರಿಕ್ಷಾದಲ್ಲಿ ಒಯ್ಯುವ ಮೊದಲು ಭಾರದ ಗ್ರಾಫಿಕ್ಸ್ ಕಾರ್ಡ್ ಕಿತ್ತು ಬೇರೆ ಡಬ್ಬದಲ್ಲಿಡಿ, ಹೊಂಡದ ರಸ್ತೆಯಲ್ಲಿ ಅದರ ಭಾರಕ್ಕೆ ಸ್ಲಾಟ್ ಬಿರಿಯುತ್ತದೆ. ದೋಷ ಡಿಸ್ಕಿನದ್ದಲ್ಲ ಎಂದು ಗೊತ್ತಾಗಿದ್ದರೆ ಡಿಸ್ಕನ್ನು ಮನೆಯಲ್ಲೇ ಬಿಡಿ. ಎಸ್‌ಎಂಪಿಎಸ್, ರ‍್ಯಾಮ್, ಬೋರ್ಡುಗಳ ಸೀರಿಯಲ್ ನಂಬರಿನ ಫೋಟೋ ತೆಗೆದಿಡಿ, ಬದಲಿಸಿದ ಹಳೆಯ ಭಾಗ ತಿರುಗಿ ಕೇಳಿ. “ಆನ್ ಆಗುವುದಿಲ್ಲ” ಎನ್ನುವ ಬದಲು “ಫ್ಯಾನ್ ತಿರುಗುತ್ತದೆ, ನಮ್‌ಲಾಕ್ ಇಲ್ಲ, ಎರಡೂ ರ‍್ಯಾಮ್ ಉಜ್ಜಿ ಒಂದೊಂದಾಗಿ ಹಾಕಿ ಆಯಿತು, ಹಳದಿಯಲ್ಲಿ 12.1 ಬರುತ್ತದೆ” ಎಂದು ಚೀಟಿ ಬರೆದು ಅಂಟಿಸಿದರೆ ಅವರು ಅದನ್ನೇ ಮೊದಲಿನಿಂದ ಮಾಡಿ ದುಡ್ಡು ಹಾಕುವುದಿಲ್ಲ. ಮಾನಿಟರ್, ಕೀಬೋರ್ಡ್ ಒಯ್ಯಬೇಕಾಗಿಲ್ಲ. ನಿಮ್ಮ ಪವರ್ ಕಾರ್ಡನ್ನು ಮಾತ್ರ ಜೊತೆಗೆ ಕೊಡಿ. ಆ ಕಾರ್ಡಿನಲ್ಲೇ ಅಲ್ಲಿ ಎರಡು ದಿನ ಸರಿಯಾಗಿ ಓಡಿ, ಮನೆಗೆ ತಂದ ಕೂಡಲೇ ಮತ್ತೆ ನಿಂತರೆ, ಬಿಚ್ಚಬೇಕಾದ್ದು ಸಿಪಿಯು ಅಲ್ಲ, ಗೋಡೆಯ ಸ್ವಿಚ್ ಬೋರ್ಡು.